ಬಸ್ಸು ಹರಿದರೆ ಪರಿಹಾರ, ಮರ ಬಿದ್ದರೆ ಅನುಗ್ರಹ: ಕಾನೂನು ಸಚಿವರಿಗೂ ಶಾಸಕರಿಗೂ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಕಾನೂನು ಮತ್ತು ಸಂಸದೀಯ ವ್ಯವಹಾರಗಳ ಸಚಿವರು, ಕರ್ನಾಟಕ ಸರ್ಕಾರ
ಹಾಗೂ ವಿಧಾನಸಭೆ, ವಿಧಾನ ಪರಿಷತ್ತಿನ ಎಲ್ಲ ಮಾನ್ಯ ಸದಸ್ಯರು

ವಿಷಯ: ಸರ್ಕಾರಿ ಸಂಸ್ಥೆಗಳ ನಿರ್ಲಕ್ಷ್ಯದಿಂದ ಸಾವು, ಗಾಯ ಆದಾಗ ಪರಿಹಾರವನ್ನು ಹಕ್ಕಾಗಿ ಕೊಡುವ ರಾಜ್ಯ ಕಾಯ್ದೆ

ಮಾನ್ಯರೇ,

32 ವರ್ಷದ ಒಬ್ಬ ಚಾಲಕನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ತಿಂಗಳ ದುಡಿಮೆ 20,000 ರೂಪಾಯಿ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ಫುಟ್‌ಪಾತ್ ಮೇಲೆ ನಡೆದು ಹೋಗುವಾಗ ಸಾರಿಗೆ ನಿಗಮದ ಬಸ್ಸು ಮೈಮೇಲೆ ಹರಿದು ಆತ ತೀರಿಕೊಂಡರೆ, ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಲೆಕ್ಕ ಹೀಗೆ ನಡೆಯುತ್ತದೆ. ವರ್ಷದ ಆದಾಯ 2,40,000. ವಯಸ್ಸು 40ರೊಳಗೆ ಇರುವುದರಿಂದ ಮುಂದೆ ಹೆಚ್ಚಬಹುದಾದ ಆದಾಯಕ್ಕೆಂದು ಶೇ 40 ಸೇರಿಸಿದರೆ 3,36,000. ಅವಲಂಬಿತರು ನಾಲ್ವರು, ಹಾಗಾಗಿ ಆತನ ಸ್ವಂತ ಖರ್ಚೆಂದು ಕಾಲುಭಾಗ ಕಳೆದರೆ 2,52,000. ಆ ವಯಸ್ಸಿಗೆ ಗುಣಕ, ಅಂದರೆ ವರ್ಷದ ನಷ್ಟವನ್ನು ಗುಣಿಸುವ ಸಂಖ್ಯೆ, 16. ಒಟ್ಟು 40,32,000 ರೂಪಾಯಿ. ಅಂತ್ಯಕ್ರಿಯೆ ಮುಂತಾದ ಬಾಬ್ತುಗಳು ಇದರ ಮೇಲೆ. 2009ರ ಸರಳಾ ವರ್ಮಾ, 2017ರ ಪ್ರಣಯ್ ಸೇಥಿ ತೀರ್ಪುಗಳಲ್ಲಿ ಸುಪ್ರೀಂ ಕೋರ್ಟು ಹಾಕಿಕೊಟ್ಟ ಸೂತ್ರ ಇದು. ರಾಜ್ಯದ ಯಾವ ಜಿಲ್ಲೆಯಲ್ಲಿ ಕೇಳಿದರೂ ಇದೇ ಲೆಕ್ಕ ಬರುತ್ತದೆ. ನಿಗಮ ಹಣ ಕಟ್ಟದಿದ್ದರೆ ನ್ಯಾಯಾಲಯದ ಅಮೀನರು ಬಸ್ಸನ್ನೇ ಜಪ್ತಿ ಮಾಡುತ್ತಾರೆ. ಆ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ.

ಈಗ ಅದೇ ಮನುಷ್ಯ, ಅದೇ ಫುಟ್‌ಪಾತ್. ಬಸ್ಸಿನ ಜಾಗದಲ್ಲಿ ವರ್ಷಗಳಿಂದ ಒಣಗಿ ನಿಂತಿದ್ದ ಮರ, ಅಥವಾ ಮುಚ್ಚಳವಿಲ್ಲದ ಮ್ಯಾನ್‌ಹೋಲ್. ಆಗ ಗುಣಕವೂ ಇಲ್ಲ, ನ್ಯಾಯಮಂಡಳಿಯೂ ಇಲ್ಲ. ಸಿಗುವುದು ಸ್ಥಳಕ್ಕೆ ಬಂದ ಜನಪ್ರತಿನಿಧಿ ಘೋಷಿಸುವ ಕೆಲವು ಲಕ್ಷ. ಅದೂ ಅನುಗ್ರಹ ಧನ. ಕೊಡದಿದ್ದರೆ ಕೇಳುವಂತಿಲ್ಲ, ಸಾಲದೆಂದು ವಾದಿಸುವಂತಿಲ್ಲ. ಎರಡೂ ಸಾವಿಗೆ ಕಾರಣ ಸಾರ್ವಜನಿಕ ಸಂಸ್ಥೆಯೇ, ಸತ್ತವನೂ ಒಬ್ಬನೇ. ಈ ಅಂತರವನ್ನು ಮುಚ್ಚಲು ಕರ್ನಾಟಕ ದೆಹಲಿಯ ಕಡೆ ನೋಡಬೇಕಾಗಿಲ್ಲ. ಆ ಅಧಿಕಾರ ನಿಮ್ಮ ಸದನಗಳಿಗೇ ಇದೆ ಎಂದು ತೋರಿಸಲು ಈ ಪತ್ರ.

ಈ ಅಂತರ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ. 1859ರಲ್ಲಿ ಕಲ್ಕತ್ತದ ಕಿದರ್‌ಪುರ ಹಡಗುಕಟ್ಟೆಯ ಬಳಿ ಸರ್ಕಾರಿ ಕೂಲಿಗಳು ಹೊತ್ತೊಯ್ಯುತ್ತಿದ್ದ ಕಬ್ಬಿಣದ ತುಂಡಿನಿಂದ ಒಂದು ಹಡಗು ಕಂಪನಿಯ ಕುದುರೆಗೆ ಗಾಯವಾಯಿತು. 1861ರಲ್ಲಿ ಕಂಪನಿ ಗೆದ್ದಿತು. ಆದರೆ ಆ ತೀರ್ಪಿನ ಒಂದು ಮಾತು ಉಳಿದುಬಿಟ್ಟಿತು: ಖಾಸಗಿಯವರೂ ಮಾಡಬಹುದಾದ ಕೆಲಸದಲ್ಲಿ ತಪ್ಪಾದರೆ ಸರ್ಕಾರ ಹೊಣೆ, ಸಾರ್ವಭೌಮ ಅಧಿಕಾರ, ಅಂದರೆ ಸರ್ಕಾರ ಮಾತ್ರ ಬಳಸಬಹುದಾದ ಅಧಿಕಾರ, ಚಲಾಯಿಸುವಾಗ ತಪ್ಪಾದರೆ ಹೊಣೆಯಿಲ್ಲ. ಆ ಹೊಣೆಯ ಅಳತೆ 1858, 1915, 1935ರ ಕಾಯ್ದೆಗಳನ್ನು ದಾಟಿ ನಮ್ಮ ಸಂವಿಧಾನದ 300ನೇ ವಿಧಿಯೊಳಕ್ಕೆ ಬಂತು.

ಸ್ವಾತಂತ್ರ್ಯದ ನಂತರ ಸುಪ್ರೀಂ ಕೋರ್ಟು ಎರಡು ದಿಕ್ಕಿಗೆ ನಡೆಯಿತು. ಉದಯಪುರದಲ್ಲಿ ಜಿಲ್ಲಾಧಿಕಾರಿಯ ಜೀಪನ್ನು ರಿಪೇರಿ ಮುಗಿಸಿ ತರುತ್ತಿದ್ದ ಚಾಲಕ ಒಬ್ಬ ಪಾದಚಾರಿಯ ಸಾವಿಗೆ ಕಾರಣನಾದಾಗ, 1962ರ ವಿದ್ಯಾವತಿ ಪ್ರಕರಣದಲ್ಲಿ ರಾಜಸ್ಥಾನ ಸರ್ಕಾರವೇ ಹೊಣೆ ಎಂದಿತು. ಮೂರೇ ವರ್ಷದಲ್ಲಿ ವರದಿಯಾದ ಕಸ್ತೂರಿಲಾಲ್ ಪ್ರಕರಣದಲ್ಲಿ ಮಾತು ತಿರುಗಿತು. ಮೀರತ್ ಪೊಲೀಸರು 1947ರಲ್ಲಿ ವ್ಯಾಪಾರಿಯೊಬ್ಬರಿಂದ ವಶಪಡಿಸಿಕೊಂಡ ಚಿನ್ನವನ್ನು ಮಾಲ್‌ಖಾನೆಯಿಂದ (ಜಪ್ತಿ ವಸ್ತು ಇಡುವ ಕೋಣೆ) ಹೆಡ್ ಕಾನ್ಸ್‌ಟೇಬಲ್ ಹೊತ್ತುಕೊಂಡು ಪಾಕಿಸ್ತಾನಕ್ಕೆ ಓಡಿದ. ನಿರ್ಲಕ್ಷ್ಯ ಸಾಬೀತಾಯಿತು. ಆದರೂ ಬಂಧನ, ಜಪ್ತಿ ಸಾರ್ವಭೌಮ ಕೆಲಸಗಳೆಂದು ದಾವೆ ವಜಾ ಆಯಿತು. ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್. ನಮ್ಮ ಗದಗ ಜಿಲ್ಲೆಯ ಗಜೇಂದ್ರಗಡದ ಹೆಸರು ಹೊತ್ತ ಮನೆತನ ಅವರದು. ಆ ಫಲಿತಾಂಶ ಅವರಿಗೂ ಒಪ್ಪಿಗೆಯಾಗಿರಲಿಲ್ಲ. ಇಂಗ್ಲೆಂಡಿನಲ್ಲಿ 1947ರಲ್ಲೇ ಕಾಯ್ದೆ ಮಾಡಿ ಈ ರಕ್ಷಣೆ ತೆಗೆದಿದ್ದನ್ನು ನೆನಪಿಸಿ, ಇಲ್ಲಿಯೂ ಶಾಸಕಾಂಗ ಯೋಚಿಸಬೇಕೆಂದು ಅದೇ ತೀರ್ಪಿನಲ್ಲಿ ಬರೆದರು.

ಅದಕ್ಕೂ ಮೊದಲೇ, 1956ರಲ್ಲಿ, ಸ್ವತಂತ್ರ ಭಾರತದ ಕಾನೂನು ಆಯೋಗ ತನ್ನ ಮೊಟ್ಟಮೊದಲ ವರದಿಯನ್ನು ಇದೇ ವಿಷಯದ ಮೇಲೆ ಕೊಟ್ಟಿತ್ತು. 1965ರಲ್ಲೂ 1967ರಲ್ಲೂ ಲೋಕಸಭೆಗೆ ಮಸೂದೆ ಬಂತು. ಎರಡೂ ಸಲ ಕಾಯ್ದೆಯಾಗಲಿಲ್ಲ.

ಕಸ್ತೂರಿಲಾಲ್ ತೀರ್ಪನ್ನು ಕೋರ್ಟುಗಳೇ ಸವೆಸಿಹಾಕಿವೆಯಲ್ಲ ಎಂದು ನಿಮ್ಮ ಇಲಾಖೆ ಹೇಳಬಹುದು. ಅರ್ಧ ನಿಜ. 1983ರ ರುದುಲ್ ಸಾಹ್, 1993ರ ನೀಲಾವತಿ ಬೆಹೆರಾ, 2000ದ ಚಲ್ಲಾ ರಾಮಕೃಷ್ಣ ರೆಡ್ಡಿ ಪ್ರಕರಣಗಳಲ್ಲಿ ಜೀವದ ಹಕ್ಕಿಗೆ ಧಕ್ಕೆಯಾದರೆ ಈ ರಕ್ಷಣೆ ನಡೆಯದು ಎಂದಾಯಿತು. 1994ರ ನಾಗೇಂದ್ರ ರಾವ್ ತೀರ್ಪು ಸಾರ್ವಭೌಮ, ಅಸಾರ್ವಭೌಮ ಎಂಬ ಭೇದವನ್ನೇ ಬಹುಮಟ್ಟಿಗೆ ತಳ್ಳಿಹಾಕಿತು. ಆದರೆ ಕಸ್ತೂರಿಲಾಲ್ ಐವರು ನ್ಯಾಯಮೂರ್ತಿಗಳ ಪೀಠದ ತೀರ್ಪು, ಇವು ಸಣ್ಣ ಪೀಠಗಳವು. ಸಣ್ಣ ಪೀಠ ದೊಡ್ಡ ಪೀಠವನ್ನು ರದ್ದುಮಾಡಲಾಗದು. ಅದಕ್ಕೇ ಸರ್ಕಾರದ ಲಿಖಿತ ಹೇಳಿಕೆಗಳಲ್ಲಿ ಈ ವಾದ ಇಂದಿಗೂ ಒಂದು ಪ್ಯಾರಾ ಆಗಿ ಬರುತ್ತದೆ. ಅದರ ಮೇಲೊಂದು ವಿಚಾರಣಾಂಶ ರಚನೆಯಾಗುತ್ತದೆ, ಅದಕ್ಕೊಂದು ವಾದ, ಮೇಲ್ಮನವಿಯಲ್ಲಿ ಮತ್ತೊಂದು ವಾದ. ವಿಧವೆ ಅಷ್ಟು ವರ್ಷ ಕಾಯುತ್ತಾಳೆ.

ಪಾಲಿಕೆ, ಮಂಡಳಿ, ನಿಗಮಗಳ ವಿಷಯದಲ್ಲಿ ಗೋಡೆ ಬೇರೆ ಥರದ್ದು. ಅವು ಸರ್ಕಾರವಲ್ಲ, ಸಾರ್ವಭೌಮ ವಾದ ಅವಕ್ಕೆ ಅಷ್ಟಾಗಿ ಒದಗದು. ಅವನ್ನು ಕಾಯುವುದು ಸಣ್ಣಸಣ್ಣ ಕಲಮುಗಳು. ಅವುಗಳಲ್ಲಿ ತೀರ ಅಪಾಯದ್ದು ಸದ್ಭಾವನೆಯ ಕಲಮು: ಕಾಯ್ದೆಯಡಿ ಸದ್ಭಾವನೆಯಿಂದ ಮಾಡಿದ ಕೆಲಸಕ್ಕೆ ದಾವೆ ಇಲ್ಲ. ಕೇಳಲು ನ್ಯಾಯವಾಗಿಯೇ ಇದೆ. ಆದರೆ 1897ರ ಸಾಮಾನ್ಯ ಖಂಡಗಳ ಕಾಯ್ದೆಯ 3(22)ನೇ ಕಲಮು ತೆರೆದು ನೋಡಿ. ಪ್ರಾಮಾಣಿಕವಾಗಿ ಮಾಡಿದ್ದರೆ ಸಾಕು, ನಿರ್ಲಕ್ಷ್ಯದಿಂದ ಮಾಡಿದ್ದರೂ ಅದು ಸದ್ಭಾವನೆಯೇ ಎನ್ನುತ್ತದೆ. ಅಪರಾಧ ಕಾನೂನಿನಲ್ಲಿ ಸದ್ಭಾವನೆಗೆ ಎಚ್ಚರ, ಗಮನ ಎರಡೂ ಬೇಕು, ಇಲ್ಲಿ ಬೇಡ. ಲಂಚ ತಿನ್ನದೆ, ದ್ವೇಷವಿಲ್ಲದೆ, ಸುಮ್ಮನೆ ಮರೆತು ಮ್ಯಾನ್‌ಹೋಲ್ ತೆರೆದಿಟ್ಟರೆ ಅದಕ್ಕೂ ಈ ಕಲಮು ನೆರಳಾಗಬಹುದು. ಅಧಿಕಾರಿಯ ಮನೆ, ಸಂಬಳ ಉಳಿಸಲು ಇಂಥ ರಕ್ಷಣೆ ಬೇಕು ಎಂಬುದು ನಮಗೂ ಒಪ್ಪಿಗೆ. ಸಂಸ್ಥೆಯನ್ನೇ ಉಳಿಸಲು ಅದು ಬಳಕೆಯಾಗುವುದು ಒಪ್ಪತಕ್ಕದ್ದಲ್ಲ.

ಎರಡನೆಯದು ಕರ್ತವ್ಯವೇ ಇಲ್ಲ ಎಂಬ ವಾದ. 1951ರಲ್ಲಿ ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಜನ ಸತ್ತರು. ಕಟ್ಟಡಕ್ಕೆ 80 ವರ್ಷವಾಗಿತ್ತು, ಅದರ ಗಾರೆಯ ಆಯಸ್ಸು 40ರಿಂದ 45 ವರ್ಷ. ಅದನ್ನು ಪರೀಕ್ಷಿಸದೆ ಬಿಟ್ಟಿದ್ದು ಪಾಲಿಕೆಯ ತಪ್ಪು ಎಂದು 1966ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ ಗುಜರಾತಿನ ರಾಜ್‌ಕೋಟ್‌ನಲ್ಲಿ 1975ರಲ್ಲಿ ಕಚೇರಿಗೆ ಹೊರಟ ನೌಕರನೊಬ್ಬನ ಮೇಲೆ ರಸ್ತೆಬದಿಯ ಮರ ಬಿದ್ದಾಗ, ಕೆಳಗಿನ ಕೋರ್ಟುಗಳು ಒಪ್ಪಿದ್ದ ಹೊಣೆಯನ್ನು ಸುಪ್ರೀಂ ಕೋರ್ಟು 1997ರಲ್ಲಿ ತೆಗೆದುಹಾಕಿತು. ಪ್ರತಿ ಮರವನ್ನೂ ಆಗಾಗ ಪರೀಕ್ಷಿಸುವ ಕರ್ತವ್ಯ ಪಾಲಿಕೆಯ ಮೇಲೆ ಹೊರಿಸಲಾಗದು ಎಂಬುದು ಕಾರಣ. ಮುಂಗಾರು ಪೂರ್ವ ಮಳೆಗೆ ಮರ ಉರುಳುವ ನಮ್ಮ ಊರುಗಳಲ್ಲಿ ಪಾಲಿಕೆ ವಕೀಲರ ಕೈಗೆ ಮೊದಲು ಬರುವ ತೀರ್ಪು ಅದೇ. ಪರವಾನಗಿ ಕೊಟ್ಟವರ ವಿಷಯದಲ್ಲಿ 2011ರ ಉಪಹಾರ್ ಚಿತ್ರಮಂದಿರದ ತೀರ್ಪು ಇನ್ನೂ ಗಟ್ಟಿ: ದುರುದ್ದೇಶ ತೋರಿಸದೆ ಪರವಾನಗಿ ಪ್ರಾಧಿಕಾರದಿಂದ ಪರಿಹಾರ ಕೇಳುವಂತಿಲ್ಲ.

ದಾವೆ ಹೂಡಲು ಹೊರಟವರ ಹಾದಿಯನ್ನೂ ಒಮ್ಮೆ ನಡೆದು ನೋಡೋಣ. ನಮ್ಮ ಅನುಭವದಲ್ಲಿ ಹೆಚ್ಚಿನ ಪ್ರಕರಣಗಳು ಸಾರ್ವಭೌಮ ತತ್ವದವರೆಗೆ ಹೋಗುವುದೇ ಇಲ್ಲ, ಅದಕ್ಕೂ ಮೊದಲೇ ಮುಗ್ಗರಿಸುತ್ತವೆ.

ಮೊದಲ ಪ್ರಶ್ನೆ, ಯಾರ ಮೇಲೆ? ರಸ್ತೆ ಪಾಲಿಕೆಯದೋ, ಲೋಕೋಪಯೋಗಿ ಇಲಾಖೆಯದೋ, ಹೆದ್ದಾರಿ ಪ್ರಾಧಿಕಾರದ್ದೋ? ಅಗೆದವರು ಜಲಮಂಡಳಿಯೋ, ಬೆಸ್ಕಾಮೋ, ಮೆಟ್ರೊ ನಿಗಮವೋ, ಗ್ಯಾಸ್ ಪೈಪಿನವರೋ? ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರಿನಿಂದ ಒಂದು ಪಾಲಿಕೆಯ ಜಾಗದಲ್ಲಿ ಐದು ಪಾಲಿಕೆಗಳಿವೆ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಗುಂಡಿಗೆ ಬಿದ್ದವನಿಗೆ ಗುಂಡಿಯ ಒಡೆಯ ಯಾರೆಂದು ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕು, 30 ದಿನ ಕಾಯಬೇಕು. ನಮ್ಮ ರಾಜ್ಯದ ನಿಯಮದ ಪ್ರಕಾರ ಆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಕಾಮಗಾರಿ ಆದೇಶ, ಅಳತೆ ಪುಸ್ತಕದ ಪ್ರತಿ, ಗುತ್ತಿಗೆದಾರನ ದೋಷ ಹೊಣೆ ಅವಧಿ (ಕಾಮಗಾರಿಯ ದೋಷಕ್ಕೆ ಆತನೇ ಹೊಣೆಯಾಗಿರುವ ಕಾಲ) ಇವೆಲ್ಲಕ್ಕೂ ಬೇರೆಬೇರೆ ಅರ್ಜಿಗಳೇ ಆಗುತ್ತವೆ.

ಆಮೇಲೆ ನೋಟಿಸ್. ಸರ್ಕಾರದ ಮೇಲಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಡಿ ಎರಡು ತಿಂಗಳ ನೋಟಿಸ್, ಸರ್ಕಾರದ ಕಾರ್ಯದರ್ಶಿಗೆ ಇಲ್ಲವೇ ಜಿಲ್ಲಾಧಿಕಾರಿಗೆ ತಲುಪಬೇಕು. ಬೆಂಗಳೂರಿನ ಹೊರಗಿನ ಪಾಲಿಕೆಯಾದರೆ 1976ರ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯ 482ನೇ ಕಲಮಿನಲ್ಲಿ 60 ದಿನ. ಮಿಕ್ಕ ಮಂಡಳಿ, ನಿಗಮಗಳಿಗೆ ಅವುಗಳ ಕಾಯ್ದೆಯಲ್ಲಿ ಏನಿದೆಯೋ ಅದು. ಇಲ್ಲಿ ಪದೇಪದೇ ಆಗುವ ತಪ್ಪೊಂದಿದೆ: ಪ್ರತಿವಾದಿಯ ಜಾಗದಲ್ಲಿ ಇಲಾಖೆಯ ಹೆಸರು ಬರೆಯುವುದು. ಇಲಾಖೆಗೆ ಕಾನೂನಿನಲ್ಲಿ ಸ್ವಂತ ಅಸ್ತಿತ್ವವಿಲ್ಲ. 79ನೇ ಕಲಮಿನ ಪ್ರಕಾರ ಪ್ರತಿವಾದಿ ಕರ್ನಾಟಕ ರಾಜ್ಯ. ಇದನ್ನು ತಿದ್ದಿಕೊಳ್ಳುವಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಗಡುವಿನದೇ ಒಂದು ಗೊಂದಲ. ಸಾವಾಗಿದ್ದರೆ 1855ರ ಮಾರಕ ಅಪಘಾತಗಳ ಕಾಯ್ದೆಯಡಿ ಎರಡು ವರ್ಷ; ಆ ಕಾಯ್ದೆಯಲ್ಲಿ ಗಂಡ, ಹೆಂಡತಿ, ತಂದೆತಾಯಿ, ಮಕ್ಕಳಿಗೆ ಹಕ್ಕು, ಅಣ್ಣನ ದುಡಿಮೆಯಲ್ಲಿ ಓದುತ್ತಿದ್ದ ತಂಗಿಗೆ ಇಲ್ಲ. ಗಾಯವಾಗಿ ಬದುಕುಳಿದರೆ ಮೂರು ವರ್ಷ ಎಂದುಕೊಳ್ಳುತ್ತೇವೆ. ಆದರೆ ಕಾಯ್ದೆಯೊಂದನ್ನು ಅನುಸರಿಸಿ ಮಾಡಿದ ಅಥವಾ ಮಾಡದೆ ಬಿಟ್ಟ ಕೆಲಸ ಇದು ಎಂದು ಸಂಸ್ಥೆ ವಾದಿಸಿದರೆ ಪರಿಮಿತಿ ಕಾಯ್ದೆಯ 72ನೇ ಬಾಬು ಎದುರು ನಿಲ್ಲುತ್ತದೆ, ಅದರಲ್ಲಿ ಇರುವುದು ಒಂದೇ ವರ್ಷ. ಕಾಲು ಮುರಿದು ಎರಡು ಶಸ್ತ್ರಚಿಕಿತ್ಸೆ ಮುಗಿಸಿ, ಪ್ಲೇಟು ತೆಗೆಸಿ, ಊರುಗೋಲು ಬಿಟ್ಟು ವಕೀಲರ ಬಳಿ ಬರುವ ಹೊತ್ತಿಗೆ ಆ ಒಂದು ವರ್ಷ ಕಳೆದಿರುತ್ತದೆ.

ಇದರ ಮೇಲೆ ನ್ಯಾಯಾಲಯ ಶುಲ್ಕ. ನ್ಯಾಯಮಂಡಳಿಯಲ್ಲಿ ಈ ಹೊರೆಯಿಲ್ಲ. ಸಿವಿಲ್ ದಾವೆಯಲ್ಲಿ ಕೇಳುವ ಮೊತ್ತ ಹೆಚ್ಚಿದಂತೆ ಶುಲ್ಕವೂ ಏರುತ್ತದೆ. ಹಾಗಾಗಿ ಕುಟುಂಬದವರು ಶುಲ್ಕ ಎಷ್ಟು ಕಟ್ಟಬಲ್ಲರೋ ಅಷ್ಟಕ್ಕೆ ನಷ್ಟವನ್ನು ಇಳಿಸಿ ಬರೆಯುತ್ತಾರೆ. ಬಡವರೆಂದು ಶುಲ್ಕ ವಿನಾಯಿತಿ ಕೇಳಬಹುದು. ಆದರೆ ಆ ವಿಚಾರಣೆಯೇ ಒಂದು ಚಿಕ್ಕ ದಾವೆ. ಕೊನೆಗೆ ಡಿಕ್ರಿ ಬಂದರೂ 82ನೇ ಕಲಮಿನ ಪ್ರಕಾರ ಸರ್ಕಾರದ ವಿರುದ್ಧ ಅದನ್ನು ಜಾರಿ ಮಾಡಿಸಲು ಮೂರು ತಿಂಗಳು ಕಾಯಲೇಬೇಕು.

ಹೈಕೋರ್ಟಿಗೇ ರಿಟ್ ಹಾಕಬಹುದಲ್ಲ? ಬಂಧನದಲ್ಲಿದ್ದವರು ಸತ್ತಂಥ, ತಪ್ಪು ಎದ್ದು ಕಾಣುವ ಪ್ರಕರಣಗಳಲ್ಲಿ ಅದು ಫಲಿಸಿದೆ. ತಂತಿ ಹೇಗೆ ಕಡಿಯಿತು, ಯಾರ ತಪ್ಪು ಎಂಬ ವಿವಾದ ಎದ್ದ ಕೂಡಲೇ ಸಿವಿಲ್ ಕೋರ್ಟಿಗೆ ಹೋಗಿ ಎನ್ನುತ್ತಾರೆ. ಒಡಿಶಾದ ವಿದ್ಯುತ್ ಸಾವುಗಳ ಬಗ್ಗೆ ಸುಪ್ರೀಂ ಕೋರ್ಟು 1999ರ ಸುಕಮಣಿ ದಾಸ್ ಪ್ರಕರಣದಲ್ಲಿ ಹೇಳಿದ್ದು ಇದನ್ನೇ. ಸಂಸ್ಥೆಗಳಿಗೆ ಇದು ಚೆನ್ನಾಗಿ ಗೊತ್ತು. ಪ್ರಮಾಣಪತ್ರದಲ್ಲಿ ಎಲ್ಲವನ್ನೂ ನಿರಾಕರಿಸಿದರೆ ಸಾಕು, ವಿವಾದ ಹುಟ್ಟಿತು.

ವಿದ್ಯುತ್ತಿನ ವಿಷಯದಲ್ಲಿ ಮಾತ್ರ ಕಾನೂನು ಸ್ವಲ್ಪ ಉದಾರವಾಗಿದೆ. 2002ರ ಶೈಲ್ ಕುಮಾರಿ ಪ್ರಕರಣದಲ್ಲಿ ಬೇರೊಬ್ಬ ಕದ್ದು ಎಳೆದುಕೊಂಡಿದ್ದ ತಂತಿ ತಗುಲಿ ಸೈಕಲ್ ಸವಾರ ಸತ್ತಿದ್ದರೂ ಮಧ್ಯಪ್ರದೇಶದ ವಿದ್ಯುತ್ ಮಂಡಳಿಯೇ ಹೊಣೆ ಎಂದಾಯಿತು. ಇಷ್ಟು ಅಪಾಯದ ವಸ್ತುವನ್ನು ನಿಭಾಯಿಸುವವರು ನಿರ್ಲಕ್ಷ್ಯ ಸಾಬೀತಾಗದಿದ್ದರೂ ಹೊಣೆ ಹೊರಬೇಕು ಎಂಬುದು ಅದರ ತಿರುಳು. ಹಾಗಿದ್ದೂ 2023ರ ನವೆಂಬರಿನಲ್ಲಿ ಬೆಂಗಳೂರಿನ ಹೋಪ್ ಫಾರ್ಮ್ ವೃತ್ತದ ಬಳಿ ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿ ತುಳಿದು ತಾಯಿ, ಮಗು ಸತ್ತಂಥ ಘಟನೆ ನಡೆದಾಗ ನಾವು ಮೊದಲು ಕೇಳುವುದು ಯಾರನ್ನು ಅಮಾನತು ಮಾಡಿದಿರಿ ಎಂದು. ತಂತಿ ತುಂಡಾದರೆ ತಾನಾಗಿ ವಿದ್ಯುತ್ ಕಡಿತವಾಗುವ ಸಾಧನ ಇರಬೇಕೆಂದು 1956ರ ವಿದ್ಯುತ್ ನಿಯಮಗಳ 91ನೇ ನಿಯಮದಲ್ಲೇ ಇತ್ತು. ಆ ಸಾಧನ ಏಕೆ ಕೆಲಸ ಮಾಡಲಿಲ್ಲ ಎಂದು ಪ್ರಮಾಣ ಮಾಡಿಸಿ ಕೇಳುವ ಜಾಗ ಪರಿಹಾರದ ವಿಚಾರಣೆ. ಅಮಾನತಿನ ಆದೇಶದಲ್ಲಿ ಆ ಪ್ರಶ್ನೆಗೆ ಜಾಗವಿಲ್ಲ.

ರಸ್ತೆಯಲ್ಲಿ ಒಂಟಿಯಾಗಿ ಬಿದ್ದ ಬೈಕ್ ಸವಾರರದು ಎಲ್ಲಕ್ಕಿಂತ ಕಷ್ಟದ ಪಾಡು. ಎದುರು ವಾಹನವಿಲ್ಲ, ಆದ್ದರಿಂದ ನ್ಯಾಯಮಂಡಳಿಯಲ್ಲಿ ಎದುರುದಾರರಿಲ್ಲ. ಪೊಲೀಸರು ಅಜಾಗರೂಕ ಚಾಲನೆ ಎಂದು ಬಿದ್ದವನ ಮೇಲೆಯೇ ಎಫ್‌ಐಆರ್ ಹಾಕುತ್ತಾರೆ. ಸತ್ತಿದ್ದರೆ ಆರೋಪಿ ಮೃತನೆಂದು ಪ್ರಕರಣ ಮುಗಿಸುತ್ತಾರೆ. ಆಮೇಲೆ ಆ ಎಫ್‌ಐಆರ್ ಪಾಲಿಕೆಯ ಕೈಯಲ್ಲಿ ಸಾಕ್ಷ್ಯವಾಗಿ ಬರುತ್ತದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಕಲಮು ಸೇರಿತು, ಕಳಪೆ ರಸ್ತೆಗೆ ಗುತ್ತಿಗೆದಾರನಿಗೂ ಪ್ರಾಧಿಕಾರಕ್ಕೂ ಒಂದು ಲಕ್ಷದವರೆಗೆ ದಂಡ. ಆ ದಂಡ ಹೋಗುವುದು ನಿಧಿಗೆ, ಬಿದ್ದವನ ಮನೆಗಲ್ಲ. ಗುಂಡಿಯಿಂದ ನೊಂದವರು ಪಾಲಿಕೆಯಿಂದ ಪರಿಹಾರ ಕೇಳಬಹುದೆಂದು ನಮ್ಮ ಹೈಕೋರ್ಟು 2019ರಲ್ಲಿ ಹೇಳಿದ್ದು ದೊಡ್ಡ ಹೆಜ್ಜೆ. ಮುಂಬೈ ಹೈಕೋರ್ಟು 2025ರ ಅಕ್ಟೋಬರಿನಲ್ಲಿ ಇನ್ನೂ ಮುಂದೆ ಹೋಗಿ ಸಾವಿಗೆ 6 ಲಕ್ಷ, ಗಾಯಕ್ಕೆ 50,000ದಿಂದ 2.5 ಲಕ್ಷ ನಿಗದಿಮಾಡಿ, ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಯೂ ಇರುವ ಸಮಿತಿಗಳನ್ನು ರಚಿಸಲು ಹೇಳಿತು. ಅಲ್ಲಿ ನೆಲೆಸಿದ ನಮ್ಮವರಿಗೂ ಅದು ಅನ್ವಯ. ಆದರೆ ಎರಡೂ ಕೋರ್ಟಿನ ಆದೇಶಗಳು. 6 ಲಕ್ಷಕ್ಕೂ ಮೊದಲು ತೋರಿಸಿದ 40 ಲಕ್ಷಕ್ಕೂ ನಡುವಿನ ಅಂತರ ತುಂಬಬೇಕಾದದ್ದು ಶಾಸನದಿಂದ.

ಸರ್ಕಾರಿ ಆಸ್ಪತ್ರೆಯ ಬಗ್ಗೆ ಇಷ್ಟೇ ಹೇಳುತ್ತೇವೆ. ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ಆಸ್ಪತ್ರೆಗಳು 1995ರ ಶಾಂತಾ ತೀರ್ಪಿನಂತೆ ಗ್ರಾಹಕ ಕಾಯ್ದೆಯ ಹೊರಗೆ ಉಳಿದಿವೆ. ಹಣ ಕೊಟ್ಟವರಿಗೆ ಗ್ರಾಹಕರ ಆಯೋಗವಿದೆ, ಇಲ್ಲದವರಿಗೆ ಮೇಲೆ ಹೇಳಿದ ಸಿವಿಲ್ ದಾವೆಯ ಹಾದಿ.

ಈಗ ನೀವು ಮಾಡಬಹುದಾದದ್ದು.

300ನೇ ವಿಧಿಯನ್ನು ಪೂರ್ತಿ ಓದಿ. ಸರ್ಕಾರದ ಹೊಣೆ ಹಿಂದಿನಂತೆಯೇ ಇರುತ್ತದೆ, ಆದರೆ ಸಂಸತ್ತು ಅಥವಾ ಆಯಾ ರಾಜ್ಯದ ಶಾಸಕಾಂಗ ಮಾಡುವ ಕಾನೂನಿಗೆ ಒಳಪಟ್ಟು ಎಂದು ಅದರಲ್ಲೇ ಇದೆ. ಸಮವರ್ತಿ ಪಟ್ಟಿಯ 8ನೇ ನಮೂದು ದಾವೆಗೆ ಅರ್ಹವಾದ ಅಪಕೃತ್ಯಗಳದ್ದು, ಅಲ್ಲಿ ರಾಜ್ಯಕ್ಕೂ ಅಧಿಕಾರ. ಪರಿಮಿತಿ ಕಾಯ್ದೆಯ 29(2)ನೇ ಕಲಮು ಸ್ಥಳೀಯ ಕಾನೂನು ಬೇರೆ ಅವಧಿ ಇಡಲು ಬಿಡುತ್ತದೆ. ಕೇಂದ್ರ ಕಾಯ್ದೆಯೊಡನೆ ಎಲ್ಲಾದರೂ ತಿಕ್ಕಾಟ ಬಂದರೆ 254(2)ರಡಿ ರಾಷ್ಟ್ರಪತಿಗಳ ಅಂಕಿತ ಪಡೆಯಬಹುದು.

ಮಸೂದೆಯ ಮೊದಲ ಮಾತು ಹೀಗಿರಲಿ: ರಾಜ್ಯ ಸರ್ಕಾರ, ಸ್ಥಳೀಯ ಸಂಸ್ಥೆ, ಮಂಡಳಿ, ನಿಗಮ, ಸರ್ಕಾರಿ ಕಂಪನಿ ತಮ್ಮ ನೌಕರರ, ಗುತ್ತಿಗೆದಾರರ ನಿರ್ಲಕ್ಷ್ಯಕ್ಕೆ ಖಾಸಗಿ ಮಾಲೀಕನಷ್ಟೇ ಹೊಣೆ, ಸಾರ್ವಭೌಮ ಕಾರ್ಯ ಎಂಬ ಸಮರ್ಥನೆ ಇಲ್ಲ. ಶಾಸನ ಮಾಡುವುದು, ನ್ಯಾಯದಾನ, ಯಾವ ರಸ್ತೆಗೆ ಈ ವರ್ಷ ಹಣ ಎಂಬಂಥ ನೀತಿ ನಿರ್ಧಾರ ಇವನ್ನು ಹೊರಗಿಡಿ. ರಸ್ತೆ ಅಗಲ ಮಾಡದ್ದಕ್ಕೆ ದಾವೆ ಬೇಡ. ಅಗೆದ ಗುಂಡಿಗೆ ತಡೆಗೋಡೆ, ದೀಪ ಇಡದ್ದಕ್ಕೆ ಬೇಕು. ಸದ್ಭಾವನೆಯ ಕಲಮುಗಳು ನೌಕರನ ವೈಯಕ್ತಿಕ ರಕ್ಷಣೆಗೆ ಮಾತ್ರ ಎಂದು ಸ್ಪಷ್ಟವಾಗಿ ಬರೆಯಿರಿ. ಇದರಿಂದ ಎಂಜಿನಿಯರುಗಳ ಹೆದರಿಕೆಯೂ ಹೋಗುತ್ತದೆ.

ರಸ್ತೆ, ಫುಟ್‌ಪಾತ್, ಮರಗಳಿಗೆ ಇಂಗ್ಲೆಂಡಿನ 1980ರ ಹೆದ್ದಾರಿ ಕಾಯ್ದೆಯ ಮಾದರಿ ಒಳ್ಳೆಯದು. ಅದರ 41ನೇ ಕಲಮು ದುರಸ್ತಿಯ ಕರ್ತವ್ಯ ಹೊರಿಸುತ್ತದೆ, 58ನೇ ಕಲಮು ಪ್ರಾಧಿಕಾರಕ್ಕೆ ಸಮರ್ಥನೆ ಕೊಡುತ್ತದೆ: ರಸ್ತೆಯ ಸ್ವರೂಪ, ಸಂಚಾರ, ದೋಷ ತನಗೆ ತಿಳಿದಿತ್ತೇ, ಎಚ್ಚರಿಕೆ ಫಲಕ ಇತ್ತೇ ಇವನ್ನೆಲ್ಲ ನೋಡಿದಾಗ ಮಾಡಬೇಕಾದಷ್ಟು ಮಾಡಿದ್ದೆ ಎಂದು ಅದು ತೋರಿಸಿದರೆ ಹೊಣೆ ಇಲ್ಲ. ತೋರಿಸುವ ಭಾರ ಪ್ರಾಧಿಕಾರದ್ದು, ತೋರಿಸುವುದು ತಪಾಸಣೆಯ ದಾಖಲೆಯಿಂದ. ತಪಾಸಣಾ ಪುಸ್ತಕ ಬರೆದವರು ಗೆಲ್ಲುತ್ತಾರೆ, ಬರೆಯದವರು ಹಣ ಕೊಡುತ್ತಾರೆ. ಮರಗಳ ವಿಷಯದಲ್ಲಿ ಈ ಸಮತೋಲ ನಮಗೆ ಬಹಳ ಮುಖ್ಯ. ತಪ್ಪಿಲ್ಲದೆಯೂ ಹೊಣೆ ಎಂದರೆ ಪಾಲಿಕೆಗಳು ಹೆದರಿ ಸಾಲುಮರಗಳನ್ನೇ ಕಡಿದುಹಾಕುತ್ತವೆ. ಮಳೆಗಾಲಕ್ಕೆ ಮುಂಚೆ ಒಣ ಮರ, ಟೊಳ್ಳು ಬುಡ, ಕಾಂಕ್ರೀಟು ಸುರಿದು ಉಸಿರುಗಟ್ಟಿದ ಬೇರು ಇವನ್ನು ನೋಡಿ ಬರೆದಿಟ್ಟಿದ್ದರೆ ಸಾಕು ಎಂಬ ನಿಯಮವಿದ್ದರೆ ಮರವೂ ಉಳಿಯುತ್ತದೆ, ಮನುಷ್ಯನೂ ಉಳಿಯುತ್ತಾನೆ.

ನೋಟಿಸ್ ಒಂದೇ ನಮೂನೆಯಲ್ಲಿರಲಿ, ಜಿಲ್ಲೆಗೊಂದು ಕಡೆ ಸ್ವೀಕರಿಸಲಿ. ತಪ್ಪು ಸಂಸ್ಥೆಗೆ ಕೊಟ್ಟರೆ ಆ ಸಂಸ್ಥೆಯೇ ಸರಿಯಾದವರಿಗೆ ಕಳಿಸಲಿ; ಮಾಹಿತಿ ಹಕ್ಕು ಕಾಯ್ದೆಯ 6(3)ರಲ್ಲಿ 5 ದಿನದೊಳಗೆ ವರ್ಗಾಯಿಸುವ ನಿಯಮ ಈಗಾಗಲೇ ನಡೆಯುತ್ತಿದೆ. ಗಡುವು ಎಲ್ಲರಿಗೂ ಎರಡು ವರ್ಷ, ನೋಟಿಸಿನ ಲೋಪಕ್ಕೆ ದಾವೆ ಸಾಯಬಾರದು. ವಿಚಾರಣೆ ಈಗಿರುವ ಅಪಘಾತ ನ್ಯಾಯಮಂಡಳಿಯ ನ್ಯಾಯಾಧೀಶರ ಮುಂದೆಯೇ ನಡೆಯಲಿ, ಲೆಕ್ಕ ಅದೇ ಗುಣಕದ್ದಾಗಲಿ. ಹಲವು ಸಂಸ್ಥೆಗಳಿದ್ದರೆ ಯಾವುದಾದರೂ ಒಂದರಿಂದ ಪೂರ್ತಿ ಹಣ ವಸೂಲಿಯಾಗಲಿ, ಹಂಚಿಕೆಯ ಜಗಳ ಅವುಗಳ ನಡುವೆ ಆಮೇಲೆ ನಡೆಯಲಿ. ದೋಷ ಹೊಣೆ ಅವಧಿಯಲ್ಲಿದ್ದ ಕಾಮಗಾರಿಯಾದರೆ ಗುತ್ತಿಗೆದಾರನ ಠೇವಣಿಯಿಂದ ಕಡಿತ. ಪ್ರತಿ ಸಂಸ್ಥೆ ವರ್ಷಕ್ಕೊಮ್ಮೆ ಎಷ್ಟು ಪರಿಹಾರ ಕೊಟ್ಟೆ, ಯಾವ ರಸ್ತೆ, ಯಾವ ಕಾರಣ ಎಂದು ಪ್ರಕಟಿಸಲಿ. ಖಜಾನೆಗೆ ಹೊರೆಯಾಗುತ್ತದೆ ಎನ್ನುವವರಿಗೆ ಉತ್ತರ ಈ ಪಟ್ಟಿಯೇ. ಎರಡು ವರ್ಷ ಪ್ರಕಟವಾದರೆ ಹಣ ಎಲ್ಲಿ ಸೋರುತ್ತಿದೆ ಎಂದು ಹಣಕಾಸು ಇಲಾಖೆಗೇ ಕಾಣುತ್ತದೆ.

ಮಸೂದೆಗೆ ಕಾಲ ಹಿಡಿಯುತ್ತದೆ. ಆದರೆ ನಾಳೆಯೇ ಮಾಡಬಹುದಾದ ಎರಡು ಕೆಲಸಗಳಿವೆ, ಎರಡಕ್ಕೂ ಸದನ ಬೇಡ. ಒಂದು, ಖಾಯಂ ಲೋಕ ಅದಾಲತ್. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 22ಎ ಕಲಮಿನಲ್ಲಿ ಸಾರಿಗೆ, ವಿದ್ಯುತ್, ನೀರು, ನೈರ್ಮಲ್ಯ, ಆಸ್ಪತ್ರೆ ಇವು ಸಾರ್ವಜನಿಕ ಉಪಯುಕ್ತ ಸೇವೆಗಳು. ಇವುಗಳ ವಿವಾದವನ್ನು ಶುಲ್ಕವಿಲ್ಲದೆ, ಒಂದು ಕೋಟಿ ರೂಪಾಯಿವರೆಗೆ ಅಲ್ಲಿ ಒಯ್ಯಬಹುದು. ರಾಜಿ ಆಗದಿದ್ದರೆ ಅದೇ ಪೀಠ ತೀರ್ಮಾನವನ್ನೂ ಕೊಡುತ್ತದೆ. ಹೊಸ ಸೇವೆಗಳನ್ನು ಅಧಿಸೂಚನೆಯಿಂದ ಸೇರಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ರಸ್ತೆ, ಫುಟ್‌ಪಾತ್, ಚರಂಡಿ, ರಸ್ತೆಬದಿ ಮರಗಳ ನಿರ್ವಹಣೆಯನ್ನು ಸೇರಿಸಿ ಒಂದು ಅಧಿಸೂಚನೆ ಹೊರಡಿಸಿ. ಎರಡು, ಗೃಹ ಇಲಾಖೆಯಿಂದ ಸುತ್ತೋಲೆ: ಒಂಟಿ ವಾಹನ ಬಿದ್ದ ಪ್ರಕರಣಗಳಲ್ಲಿ ಸ್ಥಳ ಮಹಜರಿನಲ್ಲಿ ಗುಂಡಿಯ ಉದ್ದ, ಅಗಲ, ಆಳ, ಬೀದಿದೀಪ ಉರಿಯುತ್ತಿತ್ತೇ, ಫಲಕ ಇತ್ತೇ, ರಸ್ತೆ ಯಾರದು ಎಂದು ಕಡ್ಡಾಯವಾಗಿ ಬರೆಯಬೇಕು.

ಈ ಪತ್ರ ಓದುವ ಸಾರ್ವಜನಿಕರಿಗೂ ಎರಡು ಮಾತು. ಗುಂಡಿಯನ್ನು ಪಾಲಿಕೆ ಮುಚ್ಚುವುದು ಸಾಮಾನ್ಯವಾಗಿ ಅಪಘಾತದ ಮರುದಿನವೇ, ಆಮೇಲೆ ಸಾಕ್ಷ್ಯವಿಲ್ಲ. ಅಂದೇ ಟೇಪು ಇಟ್ಟು ಅಳೆದು, ಹತ್ತಿರದ ಅಂಗಡಿ ಬೋರ್ಡು ಅಥವಾ ಕಂಬದ ಸಂಖ್ಯೆ ಕಾಣುವಂತೆ ಫೋಟೊ ತೆಗೆಯಿರಿ. ಅಂಗಡಿಯವರ ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮೊದಲು ಪ್ರತಿ ಕೇಳಿ. ಆಸ್ಪತ್ರೆಯಲ್ಲಿ ಮೆಡಿಕೋ ಲೀಗಲ್ (ಪೊಲೀಸರಿಗೆ ತಿಳಿಸಬೇಕಾದ) ಪ್ರಕರಣವೆಂದು ದಾಖಲಿಸಿ, ಹೇಗಾಯಿತು ಎಂಬ ಜಾಗದಲ್ಲಿ ಸುಮ್ಮನೆ ಬಿದ್ದರು ಎಂದಲ್ಲ, ಗುಂಡಿ ಅಥವಾ ತೆರೆದ ಚರಂಡಿ ಎಂದೇ ಬರೆಸಿ. ತಂತಿ ತಗುಲಿದ್ದರೆ ನೆಲದಿಂದ ಅದರ ಎತ್ತರ ದಾಖಲಾಗಬೇಕು: ರಸ್ತೆಗೆ ಅಡ್ಡ ಹಾಯುವ ಎಲ್‌ಟಿ (ಕಡಿಮೆ ವೋಲ್ಟೇಜಿನ) ತಂತಿ ಕನಿಷ್ಠ 5.8 ಮೀಟರ್, 11 ಕೆವಿ ತಂತಿ 6.1 ಮೀಟರ್ ಮೇಲಿರಬೇಕು. ನೀವಾಗಿ ಹತ್ತಿರ ಹೋಗಿ ಅಳೆಯಬೇಡಿ, ವಿದ್ಯುತ್ ಪರಿವೀಕ್ಷಕರನ್ನು ಕರೆಸಿ ಅಳೆಯಿಸಿ, ಅವರ ವರದಿಯ ಪ್ರತಿ ಪಡೆಯಿರಿ. ಆ ವರದಿಯೇ ಪ್ರಕರಣದ ಬೆನ್ನೆಲುಬು. ನೋಟಿಸನ್ನು ವರ್ಷ ತುಂಬುವ ಮೊದಲೇ, ಹೊಣೆಯಾಗಬಹುದಾದ ಎಲ್ಲ ಸಂಸ್ಥೆಗಳಿಗೂ ಸ್ವೀಕೃತಿ ಸಹಿತ ಕಳಿಸಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿಗೆ ಅರ್ಹರು, ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಅದರ ಕಚೇರಿ ಇರುತ್ತದೆ. ಅನುಗ್ರಹ ಧನ ಬಂದರೆ ತೆಗೆದುಕೊಳ್ಳಿ, ಆದರೆ ಇನ್ನೇನೂ ಕೇಳುವುದಿಲ್ಲ ಎಂಬ ಮುಚ್ಚಳಿಕೆಗೆ ಓದದೆ ಸಹಿ ಹಾಕಬೇಡಿ.

ಸಚಿವರೇ, ಕೊನೆಯದಾಗಿ ಬಾಕಿ ಪ್ರಕರಣಗಳ ಮಾತು. ಮಸೂದೆ ಅಂಗೀಕಾರವಾದ ದಿನ ನ್ಯಾಯಾಲಯಗಳಲ್ಲಿ ಬಾಕಿಯಿರುವ ದಾವೆಗಳಿಗೂ ಅದು ಅನ್ವಯವಾಗಲಿ. ಅಲ್ಲಿಯವರೆಗೆ, ಸಾವು ಗಾಯದ ದಾವೆಗಳಲ್ಲಿ ಸಾರ್ವಭೌಮ ವಿನಾಯಿತಿಯ ಪ್ಯಾರಾವನ್ನು ಲಿಖಿತ ಹೇಳಿಕೆಯಲ್ಲಿ ಸೇರಿಸಬಾರದೆಂದು ಎಲ್ಲ ಸರ್ಕಾರಿ ವಕೀಲರಿಗೆ ನಿಮ್ಮ ಇಲಾಖೆ ಸೂಚಿಸಲಿ. ಅದಕ್ಕೆ ನಿಮ್ಮ ಒಂದು ಸಹಿ ಸಾಕು.

ಇಂತಿ,
ಅಪಘಾತ ಪರಿಹಾರ ಮತ್ತು ಸಿವಿಲ್ ದಾವೆಗಳಲ್ಲಿ ಕೆಲಸ ಮಾಡುವವರು